ಇಪಿಎಬಿಎಕ್ಸ್ ಬಿಟ್ಟು ಕ್ಲೌಡ್ ಫೋನಿಗೆ: ಹುಬ್ಬಳ್ಳಿಯ ಒಂದು ಪಂಪ್‌ಸೆಟ್ ಅಂಗಡಿಯ ಅನುಭವ

ಮೊದಲು ತೀರ್ಮಾನ ಹೇಳಿಬಿಡುತ್ತೇನೆ, ಆಮೇಲೆ ವಿವರ. ನಮ್ಮ ಅಂಗಡಿಗೆ ಕ್ಲೌಡ್ ಫೋನ್ ಸೇವೆ, ಅಂದರೆ ಇಂಟರ್ನೆಟ್ ಮೇಲೆ ನಡೆಯುವ ಆಫೀಸ್ ಫೋನ್ ವ್ಯವಸ್ಥೆ, ತಗೊಂಡದ್ದು ಒಳ್ಳೆಯದೇ ಆಯಿತು. ಕೊಟ್ಟ ದುಡ್ಡು ವಸೂಲಾಗಿದೆ. ಆದರೆ ಸೇಲ್ಸಿನವರು ಲ್ಯಾಪ್‌ಟಾಪ್ ತೆರೆದು ತೋರಿಸಿದ ಬಣ್ಣಬಣ್ಣದ ಫೀಚರುಗಳಿಂದ ವಸೂಲಾಗಿದ್ದಲ್ಲ. ಕೊಳ್ಳುವ ಮೊದಲು ನಮ್ಮ ಅಂಗಡಿಗೆ ಯಾರು ಫೋನ್ ಮಾಡ್ತಾರೆ, ಯಾವಾಗ ಮಾಡ್ತಾರೆ, ಯಾಕೆ ಮಾಡ್ತಾರೆ ಅಂತ ಕೂತು ಬರೆದುಕೊಂಡೆವು. ಹಳೆ ನಂಬರಿನ ಗತಿ ಏನು, ಕರೆಂಟ್ ಹೋದಾಗ ಏನು ಅಂತ ಮೊದಲೇ ಇತ್ಯರ್ಥ ಮಾಡಿಕೊಂಡೆವು. ಲಾಭ ಬಂದದ್ದು ಅಲ್ಲಿಂದ.

ನಮ್ಮದು ಹುಬ್ಬಳ್ಳಿ ಗೋಕುಲ ರಸ್ತೆಯಲ್ಲಿ ಕೃಷಿ ಪಂಪ್‌ಸೆಟ್ ಡೀಲರ್‌ಶಿಪ್. ಸಬ್‌ಮರ್ಸಿಬಲ್ ಮೋಟರ್, ಸ್ಟಾರ್ಟರ್, ಪ್ಯಾನೆಲ್ ಬೋರ್ಡ್, ಕೇಬಲ್, ಪೈಪ್ ಎಲ್ಲ ಇದೆ. ಹಿಂದುಗಡೆ ವೈಂಡಿಂಗ್ ವರ್ಕ್‌ಶಾಪ್, ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತುವ ಜಾಗ. ಹಾವೇರಿ, ಗದಗ, ಬಾಗಲಕೋಟೆಯಲ್ಲಿ ಬ್ರಾಂಚ್. ಆಫೀಸಿನ ಲೆಕ್ಕಪತ್ರ, ಆಡಳಿತ, ಫೋನು, ಇಂಟರ್ನೆಟ್ಟು ಎಲ್ಲ ನನ್ನ ಜವಾಬ್ದಾರಿ. ಸೇವೆ ಕೊಟ್ಟ ಕಂಪನಿಯ ಹೆಸರು ಹಾಕುತ್ತಿಲ್ಲ. ಇಂಥ ಸೇವೆ ಕೊಡುವವರು ಬೇಕಾದಷ್ಟು ಜನ ಇದ್ದಾರೆ, ನಾನು ಬರೆಯುವ ಮುಕ್ಕಾಲು ಪಾಲು ಮಾತು ಯಾರ ಹತ್ತಿರ ತಗೊಂಡರೂ ಅನ್ವಯಿಸುತ್ತದೆ.

ಮುಂಚೆ ನಮ್ಮಲ್ಲಿ ಇದ್ದದ್ದು ಗೋಡೆಗೆ ಹೊಡೆದ ಒಂದು ಇಪಿಎಬಿಎಕ್ಸ್ ಪೆಟ್ಟಿಗೆ, ಅಂದರೆ ಆಫೀಸಿನೊಳಗಿನ ಫೋನುಗಳನ್ನು ಹೊರಗಿನ ಲೈನುಗಳಿಗೆ ಜೋಡಿಸುವ ಮಷಿನ್. ಅದಕ್ಕೆ ತಾಮ್ರದ ತಂತಿಯ ಲ್ಯಾಂಡ್‌ಲೈನ್‌ಗಳು, ಹಂಟಿಂಗ್ ಹಾಕಿಸಿದ್ದು. ಅಂದರೆ ಮೊದಲ ನಂಬರ್ ಬಿಜಿ ಇದ್ದರೆ ಕರೆ ತಾನಾಗಿ ಎರಡನೆಯದಕ್ಕೆ ಹೋಗುತ್ತದೆ. ಸಿಡಿಲು ಬಡಿದಾಗೆಲ್ಲ ಕಾರ್ಡ್ ಸುಡುತ್ತಿತ್ತು. ಕೊನೆಕೊನೆಗೆ ಆ ಕಾರ್ಡ್ ಹೊಸದು ಸಿಗದೆ, ಬಿಚ್ಚಿದ ಹಳೆ ಮಷಿನ್ನಿಂದ ತೆಗೆದು ಹಾಕುತ್ತಿದ್ದರು. ಬ್ರಾಂಚಿಗೆ ಕರೆ ಟ್ರಾನ್ಸ್‌ಫರ್ ಮಾಡೋಕೆ ಆಗುತ್ತಿರಲಿಲ್ಲ. ಗದಗದ ರೈತರು ಹುಬ್ಬಳ್ಳಿಗೆ ಫೋನ್ ಮಾಡಿದರೆ "ಆ ನಂಬರಿಗೆ ಮಾಡ್ರಿ" ಅಂತ ಹೇಳಿ ಇಡಬೇಕಿತ್ತು. ಹಾಗೆ ಇಟ್ಟ ಮೇಲೆ ಅವರು ಅಲ್ಲಿಗೆ ಮಾಡಿದರೋ, ಎದುರಿನ ಅಂಗಡಿಗೆ ಹೋದರೋ ಯಾರಿಗೆ ಗೊತ್ತು?

ಉಳಿದ ಮಾತುಕತೆಯೆಲ್ಲ ಚೂರುಚೂರು. ಮೆಕ್ಯಾನಿಕ್‌ಗಳ ಸ್ವಂತ ಮೊಬೈಲಿನಲ್ಲಿ ಗಿರಾಕಿಗಳ ನಂಬರ್. ವಾಟ್ಸಾಪ್ ಗ್ರೂಪಿನಲ್ಲಿ ಸ್ಟಾಕ್ ವಿಚಾರ. ಕಂಪನಿಯವರ ಮೀಟಿಂಗ್ ಅಂದರೆ ಸಾವ್ಕಾರ್ರ ಲ್ಯಾಪ್‌ಟಾಪ್. ಒಬ್ಬ ಮೆಕ್ಯಾನಿಕ್ ಕೆಲಸ ಬಿಟ್ಟು ಸ್ವಂತ ಅಂಗಡಿ ಹಾಕಿದಾಗ ಆ ಭಾಗದ ಗಿರಾಕಿಗಳೆಲ್ಲ ಅವನ ಹಿಂದೆ ಹೋದರು. ಅವನ ತಪ್ಪೇನಿಲ್ಲ, ಅವರ ಹತ್ತಿರ ಇದ್ದದ್ದು ಅವನ ನಂಬರ್ ಅಷ್ಟೇ. ಫೋನು, ಮೆಸೇಜು, ಮೀಟಿಂಗು, ಯಾರು ಕುರ್ಚಿಯಲ್ಲಿದ್ದಾರೆ ಯಾರಿಲ್ಲ ಅನ್ನೋದು, ಎಲ್ಲ ಒಂದೇ ಕಡೆ ಬರುವ ವ್ಯವಸ್ಥೆಗೆ ಯುನಿಫೈಡ್ ಕಮ್ಯುನಿಕೇಶನ್ಸ್ ಅಂತಾರೆ. ಆ ಪೆಟ್ಟಿಗೆ ನಮ್ಮ ಗೋಡೆಯಲ್ಲಿರದೆ ಕಂಪನಿಯ ಡೇಟಾ ಸೆಂಟರಿನಲ್ಲಿದ್ದರೆ ಅದೇ ಕ್ಲೌಡ್. ನಮಗೆ ಬೇಕಿದ್ದದ್ದು ಇದೇ ಅಂತ ಆ ಮೆಕ್ಯಾನಿಕ್ ಹೋದ ದಿನವೇ ನನಗೆ ಅನ್ನಿಸಿತ್ತು.

ಈಗ ಕರೆಗಳ ವಿಚಾರ. ಇದು ತುಂಬ ಮುಖ್ಯ.

ನಮ್ಮ ರಾಜ್ಯದಲ್ಲಿ ನೀರಾವರಿ ಪಂಪ್‌ಸೆಟ್‌ಗಳಿಗೆ ದಿನಕ್ಕೆ 7 ಗಂಟೆ ತ್ರೀ ಫೇಸ್ ಕರೆಂಟ್ ಅಂತ ಲೆಕ್ಕ. ಅದೂ ಪಾಳಿ ಮೇಲೆ. ಒಂದು ಫೀಡರಿಗೆ, ಅಂದರೆ ಊರುಗಳಿಗೆ ಕರೆಂಟ್ ಒಯ್ಯುವ ಒಂದು ಲೈನಿಗೆ ಬೆಳಗ್ಗೆ, ಇನ್ನೊಂದಕ್ಕೆ ರಾತ್ರಿ. ತ್ರೀ ಫೇಸ್ ಬಂತು ಅಂದಕೂಡಲೇ ರೈತ ಹೊಲಕ್ಕೆ ಹೋಗಿ ಸ್ಟಾರ್ಟರ್ ಒತ್ತುತ್ತಾನೆ. ಮೋಟರ್ ಎದ್ದರೆ ಸರಿ. ಏಳದಿದ್ದರೆ ಆ ಕ್ಷಣದಲ್ಲೇ ನಮಗೆ ಫೋನ್. ಹಾಗಾಗಿ ನಮ್ಮ ಕರೆಗಳು ದಿನವಿಡೀ ಸಮನಾಗಿ ಬರೋದೇ ಇಲ್ಲ. ಅರ್ಧ ಗಂಟೆ ಒಂದೇ ಸಮನೆ ಬಡಿದುಕೊಳ್ಳುತ್ತವೆ, ಆಮೇಲೆ ತಣ್ಣಗೆ. ಫೆಬ್ರವರಿಯಿಂದ ಮೇ ತನಕ ಇದೇ ಗದ್ದಲ.

ಕೌಂಟರಿನ ಅಕ್ಕನಿಗೆ ಒಂದು ರೂಲ್ಡ್ ಪುಸ್ತಕ ಕೊಟ್ಟು ಪ್ರತಿ ಕರೆಯನ್ನೂ ಬರೆಯಲು ಹೇಳಿದೆವು. ಎಷ್ಟೊತ್ತಿಗೆ ಬಂತು, ಯಾವ ಊರು, ಏನು ಬೇಕಿತ್ತು, ಯಾರಿಗೆ ಕೊಟ್ಟರು. ಆ ಪುಸ್ತಕ ಓದಿದಾಗ ಗೊತ್ತಾಯಿತು: ಹೊಸ ಮೋಟರ್ ಕೊಳ್ಳುವವರು ಫೋನ್ ಮಾಡೋದು ಕಡಿಮೆ, ಅವರು ನೇರ ಬರ್ತಾರೆ. ಫೋನ್ ಮಾಡುವವರು ಮುಖ್ಯವಾಗಿ ಎರಡೇ ಥರ. "ಮೋಟರ್ ಚಾಲೂ ಆಗವಲ್ದ್ರಿ, ಟ್ರಿಪ್ ಆಗಾಕತ್ತೈತಿ" ಅನ್ನುವವರು. "ನಂದು ವೈಂಡಿಂಗ್ ಆತೇನ್ರಿ?" ಅನ್ನುವವರು. ಎರಡನೆಯವರಿಗೆ ಬೇಕಿರೋದು ಹೌದು ಅಥವಾ ಇಲ್ಲ ಅನ್ನುವ ಒಂದು ಮಾತು. ಆದರೆ ಅವರು ಲೈನ್ ಹಿಡಿದಿರುವಾಗ ಮೊದಲನೆಯವರಿಗೆ ಬಿಜಿ ಟೋನ್. ಅಲ್ಲಿ ಹೊಲದಲ್ಲಿ 7 ಗಂಟೆಯ ಕರೆಂಟು ಸುಮ್ನೆ ಹೋಗ್ತಿರುತ್ತದೆ, ಬೆಳೆ ಒಣಗ್ತಿರುತ್ತದೆ.

ಈ ಪುಸ್ತಕ ಕೈಯಲ್ಲಿದ್ದದ್ದರಿಂದ ಸೇಲ್ಸಿನವರ ಜೊತೆ ಮಾತಾಡುವ ರೀತಿಯೇ ಬದಲಾಯಿತು. ಅವರು ವಿಡಿಯೋ ಮೀಟಿಂಗ್‌ನಲ್ಲಿ ಎಷ್ಟು ಜನ ಕೂರಬಹುದು ಅಂತ ಹೇಳ್ತಿದ್ದರು. ನಾನು ಕೇಳಿದ್ದು, ಒಂದೇ ಸಲಕ್ಕೆ ಎಷ್ಟು ಕರೆ ಒಳಗೆ ಬರಬಹುದು, ಅದಕ್ಕಿಂತ ಜಾಸ್ತಿ ಬಂದವರಿಗೆ ಏನು ಕೇಳಿಸುತ್ತದೆ, ಅವರ ನಂಬರ್ ನನಗೆ ಉಳಿಯುತ್ತದೆಯೇ ಅಂತ. ಒಬ್ಬರಂತೂ ಈ ಮೂರಕ್ಕೂ ನೇರ ಉತ್ತರ ಕೊಡಲಿಲ್ಲ. ಅವರನ್ನು ಅಲ್ಲಿಗೇ ಬಿಟ್ಟೆವು.

ಹಳೆ ನಂಬರಿನದು ದೊಡ್ಡ ಕಥೆ. ಮೊಬೈಲಿನಲ್ಲಿ ನಂಬರ್ ಪೋರ್ಟ್ ಮಾಡುವ ಹಾಗೆ ಲ್ಯಾಂಡ್‌ಲೈನ್ ನಂಬರನ್ನು ನಮ್ಮ ದೇಶದಲ್ಲಿ ಒಂದು ಕಂಪನಿಯಿಂದ ಇನ್ನೊಂದಕ್ಕೆ ಒಯ್ಯೋಕೆ ಬರೋದಿಲ್ಲ. ಇದನ್ನು ತುಂಬ ಜನ ಕೊನೆ ಗಳಿಗೆಯಲ್ಲಿ ಕೇಳಿ ಬೆಚ್ಚುತ್ತಾರೆ. ಹೊರದೇಶದ ಕಂಪನಿಗಳು ಬರೆದ ಸಲಹೆಗಳನ್ನು ಓದಿದರೆ "ನಿಮ್ಮ ನಂಬರನ್ನು ಪೋರ್ಟ್ ಮಾಡಿಸಿ" ಅಂತ ಒಂದೇ ಸಾಲಿನಲ್ಲಿ ಮುಗಿಸಿರ್ತಾರೆ. ಇಲ್ಲಿ ಹಾಗೆ ನಡೆಯೋದಿಲ್ಲ. ನಮ್ಮ 0836 ನಂಬರ್ ಎಲ್ಲೆಲ್ಲಿ ಇದೆ ಗೊತ್ತಾ? ಬಿಲ್ ಪುಸ್ತಕದಲ್ಲಿ, ಬೋರ್ಡಿನಲ್ಲಿ ಇರೋದು ಹಾಗಿರಲಿ, ಅದನ್ನು ಬದಲಾಯಿಸಬಹುದು. ರಾಣೆಬೆನ್ನೂರು, ಸವಣೂರು, ರೋಣದ ಕಡೆ ಹೊಲದ ಮೋಟರ್ ಶೆಡ್ಡಿನ ಒಳಗೆ, ಪ್ಯಾನೆಲ್ ಬೋರ್ಡಿನ ಬಾಗಿಲಿಗೆ ಹಚ್ಚಿದ ಸ್ಟಿಕರಿನಲ್ಲಿ ಇದೆ. ಮೋಟರ್ ಕೆಟ್ಟಾಗ ರೈತ ನೋಡೋದು ಅದನ್ನೇ. ಆ ಸ್ಟಿಕರುಗಳನ್ನು ಹೋಗಿ ಕೀಳೋಕೆ ಆಗ್ತದೆಯೇ?

ಹಾಗಾಗಿ ಹಳೆ ನಂಬರ್ ಬಿಡೋ ಮಾತೇ ಇಲ್ಲ ಅಂತ ಮೊದಲೇ ನಿರ್ಧಾರವಾಯಿತು. ಎರಡು ದಾರಿ ಇತ್ತು. ಒಂದು, ಹಳೆ ಲೈನಿನಿಂದ ಹೊಸ ಕ್ಲೌಡ್ ನಂಬರಿಗೆ ಕಾಲ್ ಫಾರ್ವರ್ಡ್ ಹಾಕೋದು. ಇನ್ನೊಂದು, ಹಳೆ ಲೈನ್‌ಗಳನ್ನು ಗೇಟ್‌ವೇ ಅನ್ನುವ ಸಣ್ಣ ಪೆಟ್ಟಿಗೆಗೆ ಚುಚ್ಚಿ, ಅಲ್ಲಿಂದ ಇಂಟರ್ನೆಟ್ ಮೂಲಕ ಕ್ಲೌಡಿಗೆ ಕಳಿಸೋದು. ಗೇಟ್‌ವೇ ನಡೆಯಬೇಕಾದರೆ ನಮ್ಮ ಆಫೀಸಿನ ಕರೆಂಟು, ಇಂಟರ್ನೆಟ್ಟು ಎರಡೂ ಇರಬೇಕು. ಜತೆಗೆ ಸಿಡಿಲಿನ ಭಯ ಹಾಗೇ ಉಳಿಯುತ್ತದೆ. ಅದಕ್ಕೆ ಫಾರ್ವರ್ಡ್ ಆರಿಸಿಕೊಂಡೆವು. ಹಳೆ ಲೈನಿನ ಬಾಡಿಗೆ ತಿಂಗಳು ತಿಂಗಳು ಕಟ್ಟಲೇಬೇಕು, ಆ ಖರ್ಚು ಲೆಕ್ಕಕ್ಕೆ ಹಿಡಿಯಿರಿ.

ಫಾರ್ವರ್ಡ್ ಹಾಕಿಸುವವರು ಎರಡು ಪರೀಕ್ಷೆ ಮಾಡಲೇಬೇಕು. ಒಂದೇ ಹೊತ್ತಿಗೆ ನಾಲ್ಕೈದು ಮೊಬೈಲಿನಿಂದ ಹಳೆ ನಂಬರಿಗೆ ಕರೆ ಮಾಡಿ, ಎಲ್ಲ ಒಳಗೆ ಬರುತ್ತವೋ ಒಂದೇ ಬರುತ್ತದೋ ನೋಡಿ. ಮತ್ತೆ ಸ್ಕ್ರೀನಿನ ಮೇಲೆ ಕರೆ ಮಾಡಿದವರ ನಂಬರ್ ಕಾಣುತ್ತದೋ, ನಮ್ಮದೇ ಹಳೆ ನಂಬರ್ ಕಾಣುತ್ತದೋ ನೋಡಿ. ನಮಗೆ ಮೊದಲ ಸಲ ಎಲ್ಲ ಕರೆಯೂ ನಮ್ಮ ನಂಬರಿನಿಂದಲೇ ಬಂದ ಹಾಗೆ ಕಂಡಿತು! ಮಿಸ್ಡ್ ಕಾಲ್ ಆದರೆ ಯಾರಿಗೆ ತಿರುಗಿ ಮಾಡೋದು? ಇದನ್ನು ಸರಿ ಮಾಡಿಸೋಕೆ ಲೈನಿನವರಿಗೂ ಕ್ಲೌಡಿನವರಿಗೂ ನಡುವೆ ಓಡಾಡಿ ಸಾಕಾಯಿತು. ಇವರು ಅವರ ಮೇಲೆ ಹೇಳ್ತಾರೆ, ಅವರು ಇವರ ಮೇಲೆ. ಕೊನೆಗೆ ಇಬ್ಬರನ್ನೂ ಒಂದೇ ಕಾನ್ಫರೆನ್ಸ್ ಕರೆಯಲ್ಲಿ ಕೂರಿಸಿದ ಮೇಲೆ ಕೆಲಸ ಆಯಿತು. ಹಳೆ ಲೈನಿನ ಫಾರ್ವರ್ಡ್ ಸರಿಯಾಗಿ ನಡೆಯುತ್ತಿದೆ ಅಂತ ಖಾತ್ರಿಯಾಗುವ ತನಕ ಇಪಿಎಬಿಎಕ್ಸ್ ಕೀಳಿಸಬೇಡಿ. ನಾವು ಎರಡನ್ನೂ ಅಕ್ಕಪಕ್ಕ ನಡೆಸಿದೆವು.

ಕಾನೂನಿನ ಕಡೆ ಒಂದು ಮಾತು. ಒಳಗೊಳಗೆ, ಅಂದರೆ ಹುಬ್ಬಳ್ಳಿಯಿಂದ ಗದಗ ಬ್ರಾಂಚಿಗೆ, ಇಂಟರ್ನೆಟ್ ಮೇಲೆ ಎಷ್ಟು ಬೇಕಾದರೂ ಮಾತಾಡಿ. ಹೊರಗಿನ ಮೊಬೈಲ್ ಅಥವಾ ಲ್ಯಾಂಡ್‌ಲೈನಿಗೆ ಕರೆ ಹೋಗಬೇಕಾದರೆ ಅದು ಲೈಸೆನ್ಸ್ ಇರುವ ಟೆಲಿಕಾಂ ಕಂಪನಿಯ ಮೂಲಕವೇ ಇಳಿಯಬೇಕು. ದೂರದ ಕರೆಯನ್ನು ಇಂಟರ್ನೆಟ್ಟಿನಲ್ಲಿ ತಂದು ಇಲ್ಲಿನ ಲೋಕಲ್ ಲೈನಿಗೆ ಜೋಡಿಸಿ ಚಾರ್ಜ್ ತಪ್ಪಿಸೋದಕ್ಕೆ ಟೋಲ್ ಬೈಪಾಸ್ ಅಂತಾರೆ, ಅದಕ್ಕೆ ಅವಕಾಶ ಇಲ್ಲ. "ನಂಬರ್ ಯಾವ ಟೆಲಿಕಾಂ ಕಂಪನಿಯದು, ಯಾವ ವಿಳಾಸಕ್ಕೆ ನೋಂದಣಿ ಆಗ್ತದೆ, ಬ್ರಾಂಚಿನಲ್ಲಿ ಕೂತು ಅದನ್ನು ಬಳಸಬಹುದಾ" ಅಂತ ಇಮೇಲಿನಲ್ಲಿ ಕೇಳಿ, ಇಮೇಲಿನಲ್ಲೇ ಉತ್ತರ ತಗೊಳ್ಳಿ. ಇನ್ನೊಂದು: ಸೀಸನ್ ಆಫರ್ ಇದೆ ಅಂತ ರೈತರಿಗೆಲ್ಲ ಈ ನಂಬರಿನಿಂದ ಕರೆ ಮಾಡಿಸೋಣ ಅಂತ ಸಾವ್ಕಾರ್ರಿಗೆ ಆಸೆ ಇತ್ತು. ಪ್ರಚಾರದ ಕರೆಗೆ 140 ರಿಂದ ಶುರುವಾಗುವ ನಂಬರೇ ಬೇಕು, ಎಸ್ಸೆಮ್ಮೆಸ್ ಕಳಿಸಲು ಡಿಎಲ್‌ಟಿ ಅನ್ನುವ ಟೆಲಿಕಾಂ ಕಂಪನಿಗಳ ವ್ಯವಸ್ಥೆಯಲ್ಲಿ ನೋಂದಣಿ ಬೇಕು. ಮಾಮೂಲಿ ನಂಬರಿನಿಂದ ಮಾಡಿ ದೂರು ಬಂದರೆ ಲೈನೇ ಕಟ್ ಆಗಬಹುದು. ರೈತರ ಪಾಲಿಗೆ ಅದು ಮೋಟರ್ ರಿಪೇರಿಯ ನಂಬರ್, ಅದನ್ನು ಆಪತ್ತಿಗೆ ಒಡ್ಡೋದು ಬೇಡ ಅಂದೆ. ಅವರೂ ಒಪ್ಪಿದರು.

ಇನ್ನು ಇಂಟರ್ನೆಟ್. "ನಿಮ್ಮ ಸ್ಪೀಡ್ ಎಷ್ಟು?" ಅಂತ ಎಲ್ಲರೂ ಕೇಳ್ತಾರೆ. ಸ್ಪೀಡು ಅಷ್ಟು ದೊಡ್ಡ ವಿಷಯವೇ ಅಲ್ಲ. ಒಳ್ಳೆ ಗುಣಮಟ್ಟದ ಒಂದು ಕರೆಗೆ ಹೋಗೋಕೆ ಸುಮಾರು 90 ಕೆಬಿಪಿಎಸ್, ಬರೋಕೆ ಅಷ್ಟೇ. ಹತ್ತು ಜನ ಒಟ್ಟಿಗೆ ಮಾತಾಡಿದರೂ 1 ಎಂಬಿಪಿಎಸ್ ದಾಟೋದಿಲ್ಲ. ನೋಡಬೇಕಾದದ್ದು ಲೈನ್ ಎಷ್ಟು ಸ್ಥಿರವಾಗಿದೆ ಅನ್ನೋದು. ಮಾತು ಒಂದು ಕಡೆಯಿಂದ ಇನ್ನೊಂದು ಕಡೆ ಮುಟ್ಟಲು 150 ಮಿಲಿಸೆಕೆಂಡಿಗಿಂತ ಜಾಸ್ತಿ ಆದರೆ ಇಬ್ಬರೂ ಒಬ್ಬರ ಮೇಲೊಬ್ಬರು ಮಾತಾಡೋಕೆ ಶುರು ಮಾಡ್ತಾರೆ. ಇಂಟರ್ನೆಟ್ಟಿನಲ್ಲಿ ಮಾತು ಪ್ಯಾಕೆಟ್ ಅನ್ನುವ ಚೂರುಗಳಾಗಿ ಹೋಗುತ್ತದೆ, ಆ ಪ್ಯಾಕೆಟ್ಟುಗಳು ಶೇಕಡ 1ಕ್ಕಿಂತ ಜಾಸ್ತಿ ಬಿದ್ದುಹೋದರೆ ಅಕ್ಷರಗಳೇ ನುಂಗಿಹೋಗ್ತವೆ. "ಏಳೂವರೆ ಎಚ್‌ಪಿ" ಅಂದದ್ದು "ಎಚ್‌ಪಿ" ಅಂತ ಮಾತ್ರ ಕೇಳಿಸಿದರೆ ಬೇರೆ ಮೋಟರೇ ಗಾಡಿ ಹತ್ತುತ್ತದೆ.

ಬಾಗಲಕೋಟೆ ಬ್ರಾಂಚಿನಲ್ಲಿ ಹೀಗೇ ತೊಂದರೆ ಕೊಡ್ತಿತ್ತು. ಸಂಜೆಯಾದರೆ ಧ್ವನಿ ಕಡಿಯೋದು. ಹೋಗಿ ನೋಡಿದರೆ ಅಲ್ಲಿನ ಹುಡುಗರು ಅದೇ ವೈಫೈನಲ್ಲಿ ಸಿಸಿ ಕ್ಯಾಮೆರಾ ರೆಕಾರ್ಡಿಂಗ್ ಅಪ್‌ಲೋಡ್‌ಗೆ ಹಾಕಿದ್ದರು. ಫೋನಿಗೆ ಬೇರೆ ವಿಎಲ್‌ಎಎನ್, ಅಂದರೆ ಅದೇ ನೆಟ್‌ವರ್ಕಿನೊಳಗೆ ಪ್ರತ್ಯೇಕ ದಾರಿ ಮಾಡಿಸಿ, ರೌಟರಿನಲ್ಲಿ ಧ್ವನಿಗೆ ಮೊದಲ ದಾರಿ ಬಿಡುವ ಸೆಟಿಂಗ್ ಹಾಕಿಸಿದ ಮೇಲೆ ಸರಿಹೋಯಿತು. ಮೇಜಿನ ಮೇಲಿನ ಫೋನ್‌ಗಳಿಗೆ ವೈಫೈ ಬೇಡ, ವೈರೇ ಎಳೆಸಿ. ಈ ಒಂದು ಮಾತು ಕೇಳಿದರೆ ಅರ್ಧ ತಲೆನೋವು ಕಡಿಮೆ.

ಕರೆಂಟಿನ ವಿಚಾರ ಇದಕ್ಕಿಂತ ಮುಖ್ಯ, ಅದನ್ನು ಯಾರೂ ಹೇಳೋದೇ ಇಲ್ಲ. ತಾಮ್ರದ ತಂತಿಯ ಲ್ಯಾಂಡ್‌ಲೈನಿಗೆ ಎಕ್ಸ್‌ಚೇಂಜಿನಿಂದಲೇ 48 ವೋಲ್ಟ್ ಬರುತ್ತದೆ. ಊರೆಲ್ಲ ಕತ್ತಲಾದರೂ ತಂತಿ ನೇರ ಚುಚ್ಚಿದ ಫೋನ್ ಕೆಲಸ ಮಾಡುತ್ತದೆ. ಹೊಸದರಲ್ಲಿ ಫೈಬರಿನ ಡಬ್ಬಿ, ರೌಟರ್, ಸ್ವಿಚ್, ಫೋನ್, ಎಲ್ಲಕ್ಕೂ ನಮ್ಮದೇ ಕರೆಂಟು. ಈ ಸರಪಳಿಯಲ್ಲಿ ಒಂದು ಆರಿದರೂ ಎಲ್ಲ ಸತ್ತ ಹಾಗೆ. ನಮ್ಮ ಕಡೆ ಬೇಸಿಗೆಯಲ್ಲಿ ಗಾಳಿ ಮಳೆ ಬಂದರೆ ಕರೆಂಟ್ ಹೋಗೋದು ಗ್ಯಾರಂಟಿ. ಅದೇ ಬೇಸಿಗೆಯಲ್ಲೇ ನಮಗೆ ಕರೆ ಜಾಸ್ತಿ! ಕಂಪ್ಯೂಟರಿಗೆ ಇದ್ದ ಯುಪಿಎಸ್‌ಗೇ ಇವನ್ನೂ ಸೇರಿಸಿ ಅಂದರು. ನಾನು ಒಪ್ಪಲಿಲ್ಲ. ಫೈಬರ್ ಡಬ್ಬಿ, ರೌಟರ್, ಪಿಒಇ ಸ್ವಿಚ್ ಮೂರಕ್ಕೇ ಅಂತ ಬೇರೆ ಇನ್ವರ್ಟರ್, ಬೇರೆ ಬ್ಯಾಟರಿ ಹಾಕಿಸಿದೆ. ಪಿಒಇ ಅಂದರೆ ಇಂಟರ್ನೆಟ್ ವೈರಿನಲ್ಲೇ ಫೋನಿಗೆ ಕರೆಂಟೂ ಹೋಗುತ್ತದೆ, ಒಂದೊಂದು ಮೇಜಿಗೂ ಅಡಾಪ್ಟರ್ ಬೇಕಿಲ್ಲ. ಎರಡನೇ ಇಂಟರ್ನೆಟ್ಟಾಗಿ ಬೇರೆ ಕಂಪನಿಯ 4ಜಿ ಸಿಮ್ ಇರುವ ರೌಟರ್. ಎರಡೂ ಲೈನ್ ಒಂದೇ ಕಂಬದ ಮೇಲೆ ಬರೋ ಹಾಗಿದ್ದರೆ ಪ್ರಯೋಜನ ಇಲ್ಲ, ಜೆಸಿಬಿ ಒಂದೇ ಸಲ ಎರಡನ್ನೂ ಕಿತ್ತುಹಾಕ್ತದೆ.

ಎಲ್ಲವೂ ಕೈಕೊಟ್ಟರೆ? ಆಗ ಕರೆ ತಾನಾಗಿ ನಾಲ್ಕು ಮೊಬೈಲಿಗೆ ಹೋಗುವ ಹಾಗೆ ಕ್ಲೌಡಿನಲ್ಲೇ ಬರೆದಿಟ್ಟಿದೆ. ಹಳೆ ಪೆಟ್ಟಿಗೆಯಲ್ಲಿ ಇದು ಸಾಧ್ಯವೇ ಇರಲಿಲ್ಲ. ಪೆಟ್ಟಿಗೆ ನಮ್ಮ ಗೋಡೆಯಲ್ಲಿ ಇಲ್ಲದ್ದರ ನಿಜವಾದ ಲಾಭ ಇದು. ನಮ್ಮ ಬೀದಿಯ ಟ್ರಾನ್ಸ್‌ಫಾರ್ಮರ್ ಸುಟ್ಟು ಇಡೀ ದಿನ ಕತ್ತಲಾಗಿದ್ದಾಗಲೂ ಒಂದು ಕರೆಯೂ ತಪ್ಪಲಿಲ್ಲ, ಹಾವೇರಿಯ ಹುಡುಗ ಅಲ್ಲಿಂದಲೇ ತಗೊಂಡ.

ಐವಿಆರ್ (ಕರೆ ಎತ್ತಿ ಯಾವುದಕ್ಕೆ ಯಾವ ಗುಂಡಿ ಒತ್ತಬೇಕು ಅಂತ ಹೇಳುವ ರೆಕಾರ್ಡ್ ಮಾಡಿದ ಧ್ವನಿ) ಬಗ್ಗೆ ಸ್ವಲ್ಪ ಉದ್ದಕ್ಕೆ ಬರೆಯಬೇಕು, ಯಾಕಂದರೆ ಗಿರಾಕಿಗೆ ಕಾಣೋದು ಅದೊಂದೇ. ಕಂಪನಿಯವರು ರೆಡಿ ಮಾಡಿಕೊಟ್ಟ ಕನ್ನಡ ಧ್ವನಿ ಹೀಗಿತ್ತು: "ನಮ್ಮ ಸಂಸ್ಥೆಗೆ ಕರೆ ಮಾಡಿದ್ದಕ್ಕಾಗಿ ಧನ್ಯವಾದಗಳು. ದುರಸ್ತಿ ಸೇವೆಗಳಿಗಾಗಿ ದಯವಿಟ್ಟು ಒಂದನ್ನು ಒತ್ತಿರಿ." ಕಂಪ್ಯೂಟರಿನ ಧ್ವನಿ. ಹೊಲದಲ್ಲಿ ನಿಂತ ರೈತ ಇದನ್ನು ಕೇಳಿ ರಾಂಗ್ ನಂಬರ್ ಅಂತ ಇಟ್ಟುಬಿಡ್ತಾನೆ. ಪರೀಕ್ಷೆಗೆ ಅಂತ ನಮ್ಮ ವರ್ಕ್‌ಶಾಪಿನ ಹಿರಿಯ ಮೇಸ್ತ್ರಿಯಿಂದಲೇ ಫೋನ್ ಮಾಡಿಸಿದೆ. "ಬ್ಯಾಂಕಿನವರು ಹತ್ತ್ಯಾರ್ರಿ ಮೇಡಂ" ಅಂತ ಅವರೂ ಇಟ್ಟರು.

ಕೌಂಟರಿನ ಅಕ್ಕನ ಧ್ವನಿ ಈ ಭಾಗದ ಎಲ್ಲ ರೈತರಿಗೂ ಗೊತ್ತು. ಅವರ ಧ್ವನಿಯಲ್ಲೇ ರೆಕಾರ್ಡ್ ಮಾಡೋಣ ಅಂದೆ. ಮಧ್ಯಾಹ್ನ ವೈಂಡಿಂಗ್ ಮಷಿನ್ ನಿಲ್ಲಿಸಿ, ಸ್ಟಾಕ್ ರೂಮಿನಲ್ಲಿ ಪೈಪ್ ಬಂಡಲುಗಳ ನಡುವೆ ಕೂತು ಮೊಬೈಲಿನಲ್ಲಿ ಹೇಳಿಸಿದೆವು. "ನಮಸ್ಕಾರ್ರೀ. ಮೋಟರ್ ಚಾಲೂ ಆಗವಲ್ದಂದ್ರ ಒಂದು ಒತ್ರಿ. ವೈಂಡಿಂಗ್ ಆತೇನಿಲ್ಲ ಕೇಳೂದಿದ್ರ ಎರಡು ಒತ್ರಿ. ಏನೂ ಒತ್ತದಿದ್ರೂ ನಡೀತೈತಿ, ನಾವ ಎತ್ತತೀವಿ." ಕೊನೆಯ ಸಾಲು ನನ್ನ ಹಟ. ಗುಂಡಿ ಒತ್ತದವರನ್ನು "ತಪ್ಪು ಆಯ್ಕೆ" ಅಂತ ಹೇಳಿ ಕಟ್ ಮಾಡುವ ವ್ಯವಸ್ಥೆ ನಮಗೆ ಬೇಡವೇ ಬೇಡ. ಸುಮ್ಮನಿದ್ದರೆ ಕರೆ ನೇರ ಕೌಂಟರಿಗೆ ಹೋಗುತ್ತದೆ. ಮೆನುವಿನಲ್ಲಿ ಎರಡೇ ಆಯ್ಕೆ, ಅದಕ್ಕಿಂತ ಜಾಸ್ತಿ ಬೇಡ. ಎರಡು ಒತ್ತಿದವರಿಗೆ ವರ್ಕ್‌ಶಾಪಿನ ಫೋನ್ ರಿಂಗ್ ಆಗುತ್ತದೆ, ಮೇಸ್ತ್ರಿ ಎತ್ತಿ "ನಾಳೆ ಬರ್ರಿ" ಅಂತಾರೆ, ಅಷ್ಟೇ. ಕೌಂಟರಿನ ಲೈನ್ ಖಾಲಿ ಉಳಿಯುತ್ತದೆ.

ಶುರುವಿನಲ್ಲಿ ಇದಕ್ಕೂ ಒಂದು ತೊಡಕು ಬಂತು. ಕೆಲವರು ಒಂದು ಒತ್ತಿದರೂ ಸಿಸ್ಟಂಗೆ ತಿಳಿಯುತ್ತಿರಲಿಲ್ಲ. ಗುಂಡಿಯ ಟೋನನ್ನು ಮಾತಿನ ಜೊತೆಗೇ ಕಳಿಸಿದರೆ ದಾರಿಯಲ್ಲಿ ಅದು ಕೆಡಬಹುದು. ಅದನ್ನು ಬೇರೆ ಸಂಕೇತವಾಗಿ ಕಳಿಸುವ ಸೆಟಿಂಗ್ ಇದೆ. ಅದನ್ನು ಬದಲಾಯಿಸಿದ ಮೇಲೆ ಸರಿಯಾಯಿತು. ಹಾಗೆಯೇ ಗದಗದಲ್ಲಿ ನಮ್ಮ ಮಾತು ಅವರಿಗೆ ಕೇಳಿಸುತ್ತದೆ, ಅವರದು ನಮಗೆ ಇಲ್ಲ ಅನ್ನುವ ಕಾಟ. ಇದಕ್ಕೆ ಸಾಮಾನ್ಯವಾಗಿ ರೌಟರಿನ ಒಳಗಿರುವ ಎಸ್‌ಐಪಿ ಎಎಲ್‌ಜಿ ಅನ್ನುವ ಸೆಟಿಂಗ್ ಕಾರಣ. ಅದನ್ನು ಆಫ್ ಮಾಡಿ ಅಂತ ಸಪೋರ್ಟಿನ ಹುಡುಗಿ ಫೋನಿನಲ್ಲೇ ಹೇಳಿಕೊಟ್ಟಳು. ಪಟಪಟ ಕನ್ನಡದಲ್ಲಿ, ತಾಳ್ಮೆಯಿಂದ. ಅವಳಿಗೆ ಪೂರ್ತಿ ಅಂಕ.

ಬಳಸಿ ನೋಡಿದ ಮೇಲೆ ನನಗೆ ಅತಿ ಇಷ್ಟವಾದದ್ದು ಮಿಸ್ಡ್ ಕಾಲ್ ಪಟ್ಟಿ. ಎಂಥ ಸಾಮಾನ್ಯ ಸಂಗತಿ ಅಲ್ವಾ? ಆದರೆ ಹಳೆ ಲೈನಿನಲ್ಲಿ ಬಿಜಿ ಟೋನ್ ಕೇಳಿ ಇಟ್ಟವರು ಯಾರು ಅಂತ ನಮಗೆ ಗೊತ್ತೇ ಆಗುತ್ತಿರಲಿಲ್ಲ. ಈಗ ತ್ರೀ ಫೇಸಿನ ಗದ್ದಲ ಮುಗಿದ ಕೂಡಲೇ ಪಟ್ಟಿ ನೋಡಿ ಒಬ್ಬೊಬ್ಬರಿಗೂ ತಿರುಗಿ ಕರೆ ಮಾಡ್ತೇವೆ. "ನೀವ ಮಾಡಿದ್ರಿ? ಭಾಳ ಛಲೋ ಆತು" ಅಂತಾರೆ. ಮೆಕ್ಯಾನಿಕ್‌ಗಳು ಹೊಲದಿಂದ ಆ್ಯಪ್ ಮೂಲಕ ಕರೆ ಮಾಡಿದರೆ ರೈತರಿಗೆ ಕಾಣೋದು ಅಂಗಡಿಯ ನಂಬರ್. ಹುಡುಗರ ಸ್ವಂತ ನಂಬರ್ ಹೊರಗೆ ಹೋಗೋದಿಲ್ಲ, ರಾತ್ರಿ ಹನ್ನೊಂದಕ್ಕೆ ಅವರ ಮನೆಗೆ ಫೋನೂ ಬರೋದಿಲ್ಲ. ಇದು ಅವರಿಗೂ ನೆಮ್ಮದಿ. ರಾತ್ರಿ ಪಾಳಿಯ ಕರೆಗಳಿಗೆ ಸೀಸನ್ನಿನಲ್ಲಿ ಒಬ್ಬರಿಗೆ ಡ್ಯೂಟಿ, ಅದಕ್ಕೆ ಬೇರೆ ಭತ್ಯೆ.

ಮೀಟಿಂಗ್, ಚಾಟ್ ಎಲ್ಲ ಇದೆ. ಬ್ರಾಂಚಿನವರ ಜೊತೆ ಸೋಮವಾರದ ಸ್ಟಾಕ್ ಮೀಟಿಂಗ್ ಅದರಲ್ಲೇ. ಚಾಟ್ ಯಾರೂ ಬಳಸಲ್ಲ, ಎಲ್ಲರೂ ವಾಟ್ಸಾಪಿನಲ್ಲೇ ಇದ್ದಾರೆ. ನಾನು ಒತ್ತಾಯ ಮಾಡಿಲ್ಲ.

ಕರೆ ರೆಕಾರ್ಡಿಂಗ್ ಬಗ್ಗೆ ನನಗೆ ಖಚಿತ ಅಭಿಪ್ರಾಯ ಇದೆ. ರೆಕಾರ್ಡ್ ಮಾಡುವುದಾದರೆ ಮೊದಲೇ ಹೇಳಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆ ಬಂದ ಮೇಲೆ ಗಿರಾಕಿಯ ಮಾಹಿತಿಯನ್ನು ಯಾಕೆ ಇಟ್ಟುಕೊಳ್ತೇವೆ, ಎಷ್ಟು ದಿನ ಇಟ್ಟುಕೊಳ್ತೇವೆ ಅನ್ನೋದಕ್ಕೆ ಉತ್ತರ ನಮ್ಮ ಹತ್ತಿರ ಇರಬೇಕು. ಕಾಯ್ದೆ ಇಲ್ಲದಿದ್ದರೂ ಅಷ್ಟೇ, ನಂಬಿ ಮಾತಾಡುವ ಜನ ಅವರು. ನಾವು ಆರ್ಡರ್ ತಗೊಳ್ಳುವ ಲೈನಿಗೆ ಮಾತ್ರ ರೆಕಾರ್ಡಿಂಗ್ ಇಟ್ಟಿದ್ದೇವೆ, ಅಕ್ಕನ ಧ್ವನಿಯಲ್ಲೇ ಅದನ್ನು ತಿಳಿಸ್ತೇವೆ. ಮೋಟರ್ ಸೈಜು, ಕೇಬಲ್ ಉದ್ದದ ಜಗಳ ಬಂದರೆ ಕೇಳಿ ನೋಡಬಹುದು. ವರ್ಕ್‌ಶಾಪಿನ ಲೈನಿಗೆ ಬೇಡ ಅಂದೆ.

ಇನ್ನು ಸಮಾಧಾನ ಇಲ್ಲದ ವಿಷಯಗಳು. ಬಿಲ್ಲು ಒಬ್ಬೊಬ್ಬ ಬಳಕೆದಾರರ ಲೆಕ್ಕದಲ್ಲಿ ಬರುತ್ತದೆ, ಅದರ ಮೇಲೆ ಶೇಕಡ 18 ಜಿಎಸ್‌ಟಿ. ಸೀಸನ್ ಮುಗಿದ ಮೇಲೆ ನಮಗೆ ಅರ್ಧ ಜನ ಸಾಕು. ಆದರೆ ವರ್ಷದ ಒಪ್ಪಂದದಲ್ಲಿ ಸಂಖ್ಯೆ ಏರಿಸಬಹುದು, ಇಳಿಸೋಕೆ ಬರೋದಿಲ್ಲ. ಬೇಕಾದಾಗ ಏರಿಸಿ, ಬೇಡವಾದಾಗ ಇಳಿಸಿ ಅನ್ನೋದೇ ಕ್ಲೌಡಿನ ಗುಣ ಅಂತ ಮಾರುವಾಗ ಹೇಳಿದ್ದರು. ಕೃಷಿ ವ್ಯಾಪಾರ ಮಾಡುವವರಿಗೆ ಇದು ಅನ್ಯಾಯ. ಆ್ಯಪ್ ಪೂರ್ತಿ ಇಂಗ್ಲಿಷಿನಲ್ಲಿದೆ. ಕನ್ನಡ ಮಾತ್ರ ಓದಬಲ್ಲ ಮೆಕ್ಯಾನಿಕ್‌ಗೆ ಟ್ರಾನ್ಸ್‌ಫರ್ ಗುಂಡಿ ಯಾವುದು ಅಂತ ನಾನು ಸ್ಕ್ರೀನ್‌ಶಾಟ್ ಮೇಲೆ ಬಾಣ ಹಾಕಿ ಕಳಿಸಬೇಕಾಯಿತು. ಕಡಿಮೆ ಬೆಲೆಯ ಆಂಡ್ರಾಯ್ಡ್ ಫೋನುಗಳಲ್ಲಿ ಬ್ಯಾಟರಿ ಉಳಿಸುವ ಸೆಟಿಂಗ್ ಆ್ಯಪನ್ನು ಮಲಗಿಸಿಬಿಡುತ್ತದೆ, ಕರೆ ಬಂದರೂ ರಿಂಗ್ ಆಗಲ್ಲ. ಪ್ರತಿ ಫೋನಿನಲ್ಲೂ ಅದನ್ನು ಕೈಯಾರೆ ಬದಲಾಯಿಸಬೇಕು. ಭಾನುವಾರ ಸಪೋರ್ಟ್ ಇಲ್ಲ. ರೈತರಿಗೆ ಭಾನುವಾರ ಅಂತ ಇದೆಯೇ?

ಎಲ್ಲವನ್ನೂ ಕ್ಲೌಡಿಗೆ ಏರಿಸಬೇಕು ಅಂತೇನಿಲ್ಲ. ಗೇಟಿನ ವಾಚ್‌ಮನ್‌ನಿಂದ ಗೋಡೌನಿಗೆ ಇರುವ ಇಂಟರ್‌ಕಾಮ್ ಹಾಗೇ ಬಿಟ್ಟಿದ್ದೇವೆ. ಎರಡು ಬಡಪಾಯಿ ಫೋನು, ಒಂದು ತಂತಿ, ಚೆನ್ನಾಗಿ ನಡೀತದೆ. ಒಂದು ತಾಮ್ರದ ಲೈನನ್ನೂ ಕೌಂಟರಿನ ಮೇಲೆ ನೇರ ಫೋನಿಗೆ ಕೊಟ್ಟು ಉಳಿಸಿಕೊಂಡಿದ್ದೇವೆ. ನಿಮ್ಮಲ್ಲಿ ಫ್ಯಾಕ್ಸ್, ಲಿಫ್ಟಿನ ತುರ್ತು ಫೋನ್, ಕಳ್ಳತನದ ಅಲಾರಂ ಇವು ಲ್ಯಾಂಡ್‌ಲೈನಿಗೆ ಸಿಕ್ಕಿಸಿದ್ದರೆ ಲೈನ್ ಕೀಳುವ ಮೊದಲು ಆ ತಂತಿ ಎಲ್ಲಿಗೆ ಹೋಗುತ್ತದೆ ಅಂತ ಹುಡುಕಿ ನೋಡಿ.

ಒಂದೇ ಜಾಗದಲ್ಲಿ ನಾಲ್ಕು ಜನ ಕೂರುವ ಅಂಗಡಿಗೆ ಇದು ಬೇಕಿಲ್ಲ, ಎರಡು ಮೊಬೈಲ್ ಸಾಕು. ಬ್ರಾಂಚ್ ಇರುವವರಿಗೆ, ಹೊರಗೆ ಓಡಾಡುವ ಹುಡುಗರು ಇರುವವರಿಗೆ, ಕರೆಗಳು ಒಮ್ಮೆಗೇ ನುಗ್ಗುವ ವ್ಯಾಪಾರದವರಿಗೆ ಕಣ್ಣುಮುಚ್ಚಿ ಹೇಳ್ತೇನೆ, ತಗೊಳ್ಳಿ. 5ಕ್ಕೆ 4 ಅಂಕ ಕೊಡ್ತೇನೆ.

ನಮ್ಮ ಒಪ್ಪಂದ ನವೀಕರಿಸುವ ಸಮಯ ಹತ್ತಿರ ಬಂದಿದೆ. ಕಂಪನಿಗೆ ಪತ್ರ ಬರೆದಿದ್ದೇನೆ. ಜೂನ್ ನಂತರ ಬಳಕೆದಾರರ ಸಂಖ್ಯೆ ಇಳಿಸಲು ಬಿಡಬೇಕು, ಬೇಸಿಗೆಯಲ್ಲಾದರೂ ಭಾನುವಾರ ಸಪೋರ್ಟ್ ಕೊಡಬೇಕು, ಆ್ಯಪಿನ ಮುಖ್ಯ ಗುಂಡಿಗಳು ಕನ್ನಡದಲ್ಲಿರಬೇಕು. ಮೊದಲನೆಯದಕ್ಕೆ "ನೋಡೋಣ" ಅಂದಿದ್ದಾರೆ, ಎರಡನೆಯದಕ್ಕೆ ಒಪ್ಪಿದ್ದಾರೆ, ಕನ್ನಡದ್ದಕ್ಕೆ ಇನ್ನೂ ಉತ್ತರ ಬಂದಿಲ್ಲ. ಇದೇ ಸೇವೆ ಬಳಸುವ ಬೇರೆ ಅಂಗಡಿಯವರೂ ಕನ್ನಡ ಬೇಕು ಅಂತ ಬರೆದರೆ ಬೇಗ ಬರಬಹುದು. ದಯವಿಟ್ಟು ಬರೆಯಿರಿ.